ಮೊದಲು ಡಿಸ್ಕ್, ಆಮೇಲೆ ಡಬ್ಬ: ಹಳೆಯ ಆಫೀಸ್ ಟವರ್ ಮನೆಯ ಸ್ಟೋರೇಜ್ ಸರ್ವರ್ ಆದ ಬಗೆ

ಮನೆಗೊಂದು ಸ್ಟೋರೇಜ್ ಸರ್ವರ್ ಬೇಕು ಅಂದ ತಕ್ಷಣ ಮಾತು ಪ್ರೊಸೆಸರ್‌ನಿಂದಲೇ ಶುರುವಾಗುತ್ತದೆ. ಎಷ್ಟು ಕೋರ್, ಯಾವ ಜನರೇಶನ್, ಎಷ್ಟು ಸ್ಪೀಡ್. ನಿಜ ಹೇಳಬೇಕೆಂದರೆ ಮನೆಮಂದಿಗೆ ಫೈಲ್ ಕೊಟ್ಟು ತೆಗೆದುಕೊಳ್ಳುವ ಕೆಲಸಕ್ಕೆ ಹತ್ತು ವರ್ಷ ಹಳೆಯ ಪ್ರೊಸೆಸರೂ ಜಾಸ್ತಿಯೇ. ಜನ ಎಡವುವುದು ಬೇರೆ ಕಡೆ. ಸಾಟಾ ಪೋರ್ಟ್ (ಡಿಸ್ಕ್‌ನ ಕೇಬಲ್ ಸಿಕ್ಕಿಸುವ ಜಾಗ) ಎಷ್ಟಿವೆ? ಡಿಸ್ಕ್‌ಗೆ ಕರೆಂಟ್ ಯಾವ ವೈರಿನಿಂದ ಬರುತ್ತದೆ? ಡಿಸ್ಕ್ ಕೂರುವ ಜಾಗಕ್ಕೆ ಗಾಳಿ ಹೋಗುತ್ತದಾ? ಹಾಗಾಗಿ ನಾನು ಉಲ್ಟಾ ಹೋದೆ. ಮೊದಲು ಡಿಸ್ಕ್ ಆರಿಸಿದೆ, ಅವಕ್ಕೆ ಏನೇನು ಬೇಕು ಅಂತ ಬರೆದುಕೊಂಡೆ, ಆಮೇಲೆ ಡಬ್ಬ ಹುಡುಕಿದೆ.

ಬೇಕಾಗಿದ್ದದ್ದು ಇಷ್ಟೇ. ಮನೆಯವರ ಫೋನ್‌ಗಳ ಫೋಟೊ, ವಿಡಿಯೊ ಒಂದೇ ಕಡೆ ಇರಬೇಕು. ಲ್ಯಾಪ್‌ಟಾಪ್‌ಗಳು ತಾವಾಗಿಯೇ ಬ್ಯಾಕಪ್ ಆಗಬೇಕು. ಟಿವಿಯಲ್ಲಿ ಒಂದಷ್ಟು ಸಿನಿಮಾ ಓಡಬೇಕು. ಅಲ್ಲಲ್ಲಿ ಬಿದ್ದಿದ್ದ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗಳನ್ನೆಲ್ಲ ಕೂಡಿಸಿದರೆ ಸುಮಾರು 2.5 ಟಿಬಿ. ಅದರಲ್ಲಿ ಒಂದೇ ಫೋಟೊ ಮೂರು ಮೂರು ಸಲ ಇರುವುದೂ ಇದೆ. ಅದನ್ನು ಸ್ವಚ್ಛ ಮಾಡಿ ಆಮೇಲೆ ಲೆಕ್ಕ ಹಾಕೋಣ ಅಂದರೆ ಈ ಜನ್ಮದಲ್ಲಿ ಸರ್ವರ್ ಕಟ್ಟಿದ ಹಾಗೇ!

ಡಿಸ್ಕ್ ಆಯ್ಕೆ

ಎರಡು ದಾರಿ ಇತ್ತು. 4 ಟಿಬಿಯ ನಾಲ್ಕು ಡಿಸ್ಕ್ ಹಾಕಿ, ಒಂದು ಹೋದರೂ ತಡೆಯುವ ಹಾಗೆ ರೈಡ್ ಝಡ್1 ಮಾಡಿದರೆ 12 ಟಿಬಿ ಸಿಗುತ್ತದೆ. 8 ಟಿಬಿಯ ಎರಡು ಡಿಸ್ಕ್ ಹಾಕಿ ಮಿರರ್ ಮಾಡಿದರೆ, ಅಂದರೆ ಎರಡರಲ್ಲೂ ಒಂದೇ ಡೇಟಾ ಇಟ್ಟರೆ, 8 ಟಿಬಿ ಸಿಗುತ್ತದೆ. ಕಾಗದದ ಮೇಲೆ ಮೊದಲನೆಯದೇ ಲಾಭ. ಆದರೆ ನಾಲ್ಕು ಡಿಸ್ಕ್ ಅಂದರೆ ನಾಲ್ಕು ಪೋರ್ಟ್, ನಾಲ್ಕು ಜಾಗ, ನಾಲ್ಕು ಪವರ್ ಕನೆಕ್ಟರ್. ಸುಮ್ನೆ ತಿರುಗುತ್ತಾ ಕೂತರೂ ಒಂದೊಂದು 3.5 ಇಂಚಿನ ಡಿಸ್ಕ್ 4ರಿಂದ 6 ವಾಟ್ ತಿನ್ನುತ್ತದೆ. ಮಿರರ್‌ನಲ್ಲಿ ಒಂದು ಡಿಸ್ಕ್ ಸತ್ತರೆ ಇನ್ನೊಂದರಿಂದ ನೇರ ನಕಲು, ಅಷ್ಟೇ. ರೈಡ್ ಝಡ್1ನಲ್ಲಿ ಉಳಿದ ಎಲ್ಲ ಡಿಸ್ಕ್‌ಗಳನ್ನೂ ಓದಿ ಲೆಕ್ಕ ಹಾಕಿ ಮತ್ತೆ ಕಟ್ಟಬೇಕು. ಮಿರರ್‌ನಲ್ಲಿ ಜಾಗ ಸಾಲದಾದಾಗ ಇನ್ನೊಂದು ಜೊತೆ ಡಿಸ್ಕ್ ಸೇರಿಸಬಹುದು. ಮೊದಲ ಸರ್ವರ್‌ಗೆ ಎರಡು ದೊಡ್ಡ ಡಿಸ್ಕ್‌ನ ಮಿರರ್ ಅಂತಲೇ ನಾನು ಎಲ್ಲರಿಗೂ ಹೇಳುವುದು. ರೈಡ್ ಝಡ್‌ಗೆ ಆಮೇಲೆ ಒಂದೊಂದೇ ಡಿಸ್ಕ್ ಸೇರಿಸುವ ಸೌಲಭ್ಯ 2025ರಲ್ಲಿ ಬಂದ ಓಪನ್‌ಝಡ್‌ಎಫ್‌ಎಸ್ 2.3ರಲ್ಲಿ ಸಿಕ್ಕಿದೆ (ರೈಡ್ ಝಡ್, ಮಿರರ್ ಎರಡನ್ನೂ ನಡೆಸುವ ಝಡ್‌ಎಫ್‌ಎಸ್ ಫೈಲ್ ಸಿಸ್ಟಂ ಇದೇ). ಹಾಗಾಗಿ ಮೊದಲಿನಷ್ಟು ಗಟ್ಟಿಯಾಗಿ ವಾದ ಮಾಡಲು ಬರುವುದಿಲ್ಲ. ಆದರೂ ನನ್ನ ಆಯ್ಕೆ ಬದಲಾಗಲಿಲ್ಲ.

ಸೈಜ್‌ಗಿಂತ ಮುಖ್ಯ ಒಂದಿದೆ: ಡಿಸ್ಕ್ ಸಿಎಂಆರ್ (ಟ್ರ್ಯಾಕ್‌ಗಳು ಒಂದರ ಮೇಲೊಂದು ಹತ್ತದೆ ಪಕ್ಕಪಕ್ಕ ಇರುವುದು) ಆಗಿರಬೇಕು, ಎಸ್‌ಎಂಆರ್ ಆಗಿರಬಾರದು. ಎಸ್‌ಎಂಆರ್ ಡಿಸ್ಕ್‌ನಲ್ಲಿ ಡೇಟಾ ಬರೆಯುವ ಟ್ರ್ಯಾಕ್‌ಗಳು ಮಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹತ್ತಿಕೊಂಡಿರುತ್ತವೆ. ಮಧ್ಯದ ಒಂದನ್ನು ಬದಲಿಸಬೇಕಾದರೆ ಅದರ ಮೇಲೆ ಕೂತ ಮುಂದಿನವನ್ನೂ ಎತ್ತಿ ಮತ್ತೆ ಬರೆಯಬೇಕು. ಅಪರೂಪಕ್ಕೆ ಫೈಲ್ ಹಾಕುವ ಯುಎಸ್‌ಬಿ ಡಿಸ್ಕ್‌ಗೆ ಇದು ತೊಂದರೆಯಿಲ್ಲ. ಆದರೆ ಸತ್ತ ಡಿಸ್ಕ್‌ನ ಜಾಗಕ್ಕೆ ಹೊಸದು ಹಾಕಿ ಟಿಬಿಗಟ್ಟಲೆ ಒಂದೇ ಸಮನೆ ಬರೆಸುವಾಗ ಅದು ಕುಂಟಲು ಶುರು ಮಾಡುತ್ತದೆ. ಕೆಲವೊಮ್ಮೆ ಉತ್ತರವನ್ನೇ ಕೊಡದೆ ಪೂಲ್‌ನಿಂದ, ಅಂದರೆ ಡಿಸ್ಕ್‌ಗಳ ಗುಂಪಿನಿಂದ, ಹೊರಬೀಳುತ್ತದೆ. ಮೇಲೆ ನ್ಯಾಸ್ (ನೆಟ್‌ವರ್ಕ್‌ಗೆ ಸೇರಿಸುವ ಸ್ಟೋರೇಜ್ ಡಬ್ಬ) ಅಂತ ಬರೆದಿದ್ದರೆ ಸಾಕು ಅನ್ನುವ ಹಾಗಿಲ್ಲ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿವರೆಗಿನ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಅನ್ನುವುದು 2020ರಲ್ಲಿ ಬಯಲಾಗಿ ದೊಡ್ಡ ಗಲಾಟೆ ಆಯಿತು. ಆಮೇಲೆ ಸಿಎಂಆರ್ ಇರುವವು ರೆಡ್ ಪ್ಲಸ್ ಅನ್ನುವ ಹೆಸರಿನಲ್ಲಿ ಬೇರೆಯಾದವು. ಮಾಡೆಲ್ ನಂಬರ್ ಹಿಡಿದು ಕಂಪನಿಯ ಡೇಟಾಶೀಟ್‌ನಲ್ಲಿ ಸಿಎಂಆರ್ ಅಂತ ಇದೆಯಾ ನೋಡಿಯೇ ಕೊಂಡುಕೊಳ್ಳಿ.

ನ್ಯಾಸ್ ಡಿಸ್ಕ್‌ಗೂ ಡೆಸ್ಕ್‌ಟಾಪ್ ಡಿಸ್ಕ್‌ಗೂ ಇನ್ನೊಂದು ವ್ಯತ್ಯಾಸ ಇದೆ. ಓದಲಾಗದ ಸೆಕ್ಟರ್ (ಡಿಸ್ಕ್‌ನ ಒಂದು ಚಿಕ್ಕ ತುಂಡು) ಸಿಕ್ಕಿದರೆ ನ್ಯಾಸ್ ಡಿಸ್ಕ್ ಸಾಮಾನ್ಯವಾಗಿ 7 ಸೆಕೆಂಡ್ ಪ್ರಯತ್ನಿಸಿ ಕೈ ಬಿಡುತ್ತದೆ. ಪಕ್ಕದ ಡಿಸ್ಕ್‌ನಲ್ಲಿ ಅದರ ಪ್ರತಿ ಹೇಗೂ ಇದೆಯಲ್ಲ. ಡೆಸ್ಕ್‌ಟಾಪ್ ಡಿಸ್ಕ್‌ಗೆ ಅದು ಗೊತ್ತಿಲ್ಲ, ಎಷ್ಟೋ ಹೊತ್ತು ಹಟ ಹಿಡಿದು ಓದುತ್ತಲೇ ಇರುತ್ತದೆ. ಅಷ್ಟರಲ್ಲಿ ಸಿಸ್ಟಂ ಆ ಡಿಸ್ಕ್ ಸತ್ತೇ ಹೋಯಿತು ಅಂದುಕೊಂಡಿರುತ್ತದೆ.

ಎರಡನ್ನೂ ಒಂದೇ ಕಡೆ ತೆಗೆದುಕೊಳ್ಳಲಿಲ್ಲ. ಒಂದೇ ಬ್ಯಾಚ್‌ನ ಡಿಸ್ಕ್‌ಗಳು ಒಂದೇ ಕಾಯಿಲೆಯಿಂದ ಒಟ್ಟಿಗೆ ಮಲಗಿದರೆ ಮಿರರ್ ಇದ್ದೂ ಇಲ್ಲದ ಹಾಗೆ, ಅಲ್ವಾ? ಸರ್ವರ್‌ಗಳಲ್ಲಿ ದುಡಿದು ಬಂದ ಸೆಕೆಂಡ್ ಹ್ಯಾಂಡ್ ಡಿಸ್ಕ್ ಬಗ್ಗೆಯೂ ಯೋಚಿಸಿದ್ದೆ. ಅದೇನೂ ಕೆಟ್ಟ ದಾರಿಯಲ್ಲ. ಆದರೆ ಎಷ್ಟು ಗಂಟೆ ಓಡಿದೆ ಅನ್ನುವ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ದಾಖಲೆ) ಲೆಕ್ಕವನ್ನೇ ಅಳಿಸಿ ಮಾರುವವರಿದ್ದಾರೆ. ಸೀಗೇಟ್ ಡಿಸ್ಕ್ ಆದರೆ ಫಾರ್ಮ್ ಅನ್ನುವ ಇನ್ನೊಂದು ಲಾಗ್ ಒಳಗೇ ಇರುತ್ತದೆ. ಎರಡರಲ್ಲೂ ಗಂಟೆ ತಾಳೆ ಆಗುತ್ತದಾ ನೋಡಬೇಕು.

ಅಂದ ಹಾಗೆ 8 ಟಿಬಿ ಹಾಕಿದ ಮೇಲೆ ಪರದೆಯಲ್ಲಿ 7.28 ಅಂತ ಕಂಡರೆ ಗಾಬರಿ ಬೇಡ. ಕಂಪನಿ ಸಾವಿರದ ಲೆಕ್ಕದಲ್ಲಿ ಹೇಳುತ್ತದೆ, ಸಿಸ್ಟಂ 1024ರ ಲೆಕ್ಕದಲ್ಲಿ ತೋರಿಸುತ್ತದೆ. ಜಾಗ ಎಲ್ಲೂ ಹೋಗಿಲ್ಲ.

ಡಬ್ಬ ಹುಡುಕಾಟ

ಡಿಸ್ಕ್ ಗೊತ್ತಾದ ಮೇಲೆ ಪಟ್ಟಿ ಚಿಕ್ಕದಾಯಿತು. ಮದರ್‌ಬೋರ್ಡ್ ಮೇಲೆಯೇ ಕನಿಷ್ಠ ನಾಲ್ಕು ಸಾಟಾ ಪೋರ್ಟ್. ಎರಡು 3.5 ಇಂಚಿನ ಜಾಗ. ಗಿಗಾಬಿಟ್ ಎತರ್‌ನೆಟ್. ಸುಮ್ನೆ ಇದ್ದಾಗ ಕಡಿಮೆ ಕರೆಂಟ್.

ರಾಸ್ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಮೊದಲೇ ಹೊರಬಿತ್ತು. ಅದರಲ್ಲಿ ಸಾಟಾ ಇಲ್ಲ. ಪೈ 4ರಲ್ಲಿ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡುವುದು 1.2 ಆಂಪಿಯರ್ ಮಾತ್ರ. ಯುಎಸ್‌ಬಿ ಡಬ್ಬಿಗಳಲ್ಲಿ ಡಿಸ್ಕ್ ಹಾಕಿ ಮಿರರ್ ಮಾಡಬಹುದು, ಮಾಡಿದವರೂ ಇದ್ದಾರೆ. ಆದರೆ ಯುಎಸ್‌ಬಿ ಕೊಂಡಿ ಒಂದು ಕ್ಷಣ ತಪ್ಪಿದರೂ ಡಿಸ್ಕ್ ಕಾಣೆ. ವರ್ಷಗಟ್ಟಲೆ ನೆಚ್ಚಿಕೊಳ್ಳುವ ಜಾಗವಲ್ಲ ಅದು.

ರೆಡಿಮೇಡ್ ನ್ಯಾಸ್ ಡಬ್ಬಗಳು ಚೆನ್ನಾಗಿವೆ. ಕೈಗೆ ಎಣ್ಣೆ ಮೆತ್ತಿಕೊಳ್ಳಲು ಇಷ್ಟವಿಲ್ಲದವರು ಅದನ್ನೇ ತೆಗೆದುಕೊಳ್ಳಲಿ. ಅದರಲ್ಲಿ ದುಡ್ಡು ಹೋಗುವುದು ಹಾರ್ಡ್‌ವೇರ್‌ಗಿಂತ ಜಾಸ್ತಿ ಸಾಫ್ಟ್‌ವೇರ್‌ಗೆ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ದಿನ ಡಬ್ಬಕ್ಕೂ ವಯಸ್ಸಾಗುತ್ತದೆ.

ಇಂಟೆಲ್ ಎನ್100 ಬೋರ್ಡ್‌ಗಳು ನನ್ನನ್ನು ಬಹಳ ಎಳೆದವು. 2023ರಲ್ಲಿ ಬಂದ ನಾಲ್ಕು ಕೋರ್‌ನ ಚಿಪ್, ಟಿಡಿಪಿ (ದುಡಿಯುವಾಗ ಹೊರಬೀಳುವ ಶಾಖದ ಲೆಕ್ಕ) 6 ವಾಟ್, ವಿಡಿಯೊ ಪರಿವರ್ತನೆಗೆ ಒಳ್ಳೆಯ ಎಂಜಿನ್. ಆದರೆ ಅದಕ್ಕೆ ಇರುವುದು ಒಟ್ಟು 9 ಪಿಸಿಐಇ ಲೇನ್ (ಚಿಪ್‌ಗೂ ಉಳಿದ ಭಾಗಗಳಿಗೂ ನಡುವೆ ಡೇಟಾ ಓಡುವ ದಾರಿ). ಆರು ಸಾಟಾ ಇದೆ ಅಂತ ಮಾರುವ ಬೋರ್ಡ್‌ಗಳಲ್ಲಿ ಹೆಚ್ಚಿನ ಪೋರ್ಟ್‌ಗಳು ಜೆಎಂಬಿ585, ಎಎಸ್‌ಎಂ1166 ತರಹದ ಬೇರೆ ಚಿಪ್‌ನಿಂದ ಬರುತ್ತವೆ. ಆ ಚಿಪ್‌ಗಳು ಕೆಟ್ಟವಲ್ಲ. ಆದರೆ ಬೋರ್ಡ್ ತಯಾರಿಸಿದವರು ಅದಕ್ಕೆ ಎಷ್ಟು ಲೇನ್ ಕೊಟ್ಟಿದ್ದಾರೆ, ಮೇಲೆ ಹೀಟ್‌ಸಿಂಕ್ ಇದೆಯಾ, ಮುಂದೆ ಬಯಾಸ್ ಅಪ್‌ಡೇಟ್ ಸಿಗುತ್ತದಾ ಅನ್ನುವುದೆಲ್ಲ ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆ.

ಕೊನೆಗೆ ನಾನು ತಂದದ್ದು ಒಂದು ಕಚೇರಿಯಿಂದ ಹೊರಬಿದ್ದ ಟವರ್. ಕೋರ್ ಐ5 8500, ಆರು ಕೋರ್, 8 ಜಿಬಿ ರಾಮ್, ಬೋರ್ಡ್ ಮೇಲೆ ನಾಲ್ಕು ಸಾಟಾ, ಒಂದು ಎನ್‌ವಿಎಂಇ (ಬೋರ್ಡ್‌ಗೆ ನೇರ ಸಿಕ್ಕಿಸುವ ಎಸ್‌ಎಸ್‌ಡಿ) ಜಾಗ. ಟವರ್ ಅನ್ನುವುದು ಇಲ್ಲಿ ಮುಖ್ಯ. ಅದೇ ಕಂಪ್ಯೂಟರ್‌ನ ಸಣ್ಣ ಡಬ್ಬದ ಅವತಾರದಲ್ಲಿ ಸಾಮಾನ್ಯವಾಗಿ ಒಂದೇ 3.5 ಇಂಚಿನ ಡಿಸ್ಕ್ ಹಿಡಿಯುತ್ತದೆ. 8ನೇ ಜನರೇಶನ್ ಬೇಕೇ ಬೇಕಾ? ಫೈಲ್‌ಗೆ ಬೇಡ. ಆದರೆ 10 ಬಿಟ್‌ನ ಎಚ್.265 ವಿಡಿಯೊವನ್ನು ಪೂರ್ತಿ ಹಾರ್ಡ್‌ವೇರ್‌ನಲ್ಲೇ ಬಿಡಿಸುವ ಶಕ್ತಿ ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಬಂದದ್ದು 7ನೇ ಜನರೇಶನ್‌ನಿಂದ. ಸಿನಿಮಾ ಆಸೆ ಇದ್ದರೆ 6ರ ಹತ್ತಿರ ಹೋಗಬೇಡಿ.

'65 ವಾಟ್‌ನ ಪ್ರೊಸೆಸರ್ ಇಪ್ಪತ್ತನಾಲ್ಕು ಗಂಟೆ ಓಡಿಸುತ್ತೀಯಾ?' ಅಂತ ತಮ್ಮ ಕೇಳಿದ. 65 ಅನ್ನುವುದು ಜೋರಾಗಿ ದುಡಿಯುವಾಗಿನ ಲೆಕ್ಕ. ಮನೆಯ ಸರ್ವರ್ ದಿನದ ಬಹುಪಾಲು ಸುಮ್ನೆ ಕೂತಿರುತ್ತದೆ. ಪ್ಲಗ್‌ಗೆ ವಾಟ್ ಮೀಟರ್ ಹಾಕಿ ನೋಡಿದಾಗ ಡಿಸ್ಕ್ ಇಲ್ಲದೆ 12 ವಾಟ್. ಎರಡು ಡಿಸ್ಕ್ ತಿರುಗುವಾಗ 23. ದಿನವಿಡೀ 1 ವಾಟ್ ಉರಿದರೆ ವರ್ಷಕ್ಕೆ 8.76 ಯೂನಿಟ್. ಅಂದರೆ 23 ವಾಟ್‌ಗೆ ವರ್ಷಕ್ಕೆ ಸುಮಾರು 200 ಯೂನಿಟ್. ಎನ್100 ಹಾಕಿ 5 ವಾಟ್ ಉಳಿಸಿದರೂ ವರ್ಷಕ್ಕೆ 44 ಯೂನಿಟ್ ಅಷ್ಟೇ. ಹೊಸ ಬೋರ್ಡ್‌ನ ದುಡ್ಡು ಅದರಲ್ಲಿ ಹುಟ್ಟುವುದು ಯಾವಾಗ?

ಇಲ್ಲಿ ಪವರ್ ಸಪ್ಲೈ ವಿಷಯ ಹೇಳಲೇಬೇಕು. ಹೊಸದಾಗಿ ಕಟ್ಟುವವರು ಇರಲಿ ಅಂತ 650 ವಾಟ್‌ನದು ತರುತ್ತಾರೆ. 80 ಪ್ಲಸ್ ಗೋಲ್ಡ್ ಅನ್ನುವ ದಕ್ಷತೆಯ ಮುದ್ರೆ ಸಿಗುವುದು 20 ಶೇಕಡ ಲೋಡ್‌ನಿಂದ ಮೇಲಿನ ಪರೀಕ್ಷೆಗೆ. 25 ವಾಟ್ ಅಂದರೆ 650ರಲ್ಲಿ 4 ಶೇಕಡ. ಅಲ್ಲಿ ಅದು ಎಷ್ಟು ದಕ್ಷ ಅನ್ನುವುದಕ್ಕೆ ಆ ಮುದ್ರೆ ಜವಾಬ್ದಾರಿಯಲ್ಲ. ಆಫೀಸ್ ಟವರ್‌ನ 200 ಚಿಲ್ಲರೆ ವಾಟ್‌ನ ಸಪ್ಲೈ ಇಂಥ ಕೆಲಸಕ್ಕೆ ಹೆಚ್ಚು ಹೊಂದುತ್ತದೆ.

ಡಬ್ಬ ಬಿಚ್ಚಿದಾಗ

ಮುಚ್ಚಳ ತೆಗೆದರೆ ಪವರ್ ಸಪ್ಲೈನಿಂದ ಬರುವ ವೈರ್‌ಗಳೆಲ್ಲ ಮದರ್‌ಬೋರ್ಡ್‌ಗೆ. ಡಿಸ್ಕ್‌ಗೆ ಒಂದೂ ಇಲ್ಲ. ಆಫೀಸ್ ಮಷಿನ್‌ಗಳಲ್ಲಿ ಇದು ಮಾಮೂಲು. ಡಿಸ್ಕ್‌ನ ಕರೆಂಟ್ ಬೋರ್ಡ್ ಅಂಚಿನಲ್ಲಿರುವ ಚಿಕ್ಕ ಬಿಳಿ ಸಾಕೆಟ್‌ನಿಂದ ತೆಳ್ಳಗಿನ ವೈರ್‌ನಲ್ಲಿ ಬರುತ್ತದೆ. 3.5 ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವಾಗ 12 ವೋಲ್ಟ್ ಲೈನ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಎರಡಕ್ಕೆ 4 ಆಂಪಿಯರ್, 48 ವಾಟ್, ಕೆಲವು ಸೆಕೆಂಡ್ ಮಾತ್ರ. ಕಾರ್ಖಾನೆಯಿಂದಲೇ ಎರಡು ಡಿಸ್ಕ್‌ಗೆ ಮಾಡಿದ ವೈರ್ ಆದ್ದರಿಂದ ಎರಡಕ್ಕೆ ಭಯವಿಲ್ಲ. ಅದರಿಂದಲೇ ಕವಲು ಹೊಡೆದು ನಾಲ್ಕು ಡಿಸ್ಕ್‌ಗೆ ಕೊಡುವುದು ಮಾತ್ರ ಬೇಡ. ಮೋಲೆಕ್ಸ್ ಅನ್ನುವ ಹಳೆಯ ಪವರ್ ಕನೆಕ್ಟರ್‌ನಿಂದ ಸಾಟಾ ಮಾಡುವ ಅಗ್ಗದ ಅಡಾಪ್ಟರ್ ಬೇಕಾದರೆ, ವೈರ್‌ಗಳನ್ನು ಪ್ಲಾಸ್ಟಿಕ್‌ನಲ್ಲಿ ಎರಕ ಹೊಯ್ದದ್ದನ್ನು ಬಿಟ್ಟು, ಪಿನ್‌ಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದ್ದನ್ನೇ ತೆಗೆದುಕೊಳ್ಳಿ. ಎರಕದವು ಒಳಗೇ ಶಾರ್ಟ್ ಆಗಿ ಸುಟ್ಟ ಉದಾಹರಣೆಗಳು ಬೇಕಾದಷ್ಟಿವೆ.

ಡಿಸ್ಕ್ ಕೂರಿಸುವ ಪ್ಲಾಸ್ಟಿಕ್ ಟ್ರೇ ಇನ್ನೊಂದು ತಮಾಷೆ. ಟ್ರೇಯ ಎರಡೂ ಬದಿಯಲ್ಲಿ ಎರಡೆರಡು ಲೋಹದ ಮೊಳೆ. ಅವು ಡಿಸ್ಕ್‌ನ ಪಕ್ಕದ ತೂತುಗಳಿಗೆ ಇಳಿಯಬೇಕು. ಮುಂದಿನ ಮೊಳೆಗಳು ಟಕ್ ಅಂತ ಇಳಿದವು. ಹಿಂದಿನವಕ್ಕೆ ತೂತೇ ಇಲ್ಲ! ಒಳಗೆ ಜಾಸ್ತಿ ತಟ್ಟೆ ತುಂಬಲು ದೊಡ್ಡ ಸಾಮರ್ಥ್ಯದ ಹಲವು ಡಿಸ್ಕ್‌ಗಳಲ್ಲಿ ಪಕ್ಕದ ಮಧ್ಯದ ತೂತನ್ನು ಕೈಬಿಟ್ಟಿರುತ್ತಾರೆ. ಇಕ್ಕಳದಿಂದ ಆ ಎರಡು ಮೊಳೆ ಕಿತ್ತೆ. ಟ್ರೇಯ ತಳದಲ್ಲಿ ಡ್ರಿಲ್ ಹಾಕಿ, ಡಿಸ್ಕ್‌ನ ಅಡಿಯ ತೂತಿಗೆ ಸ್ಕ್ರೂ ಬಿಗಿದೆ. ನಡುವೆ ರಬ್ಬರ್ ವಾಷರ್ ಹಾಕಿದ್ದರಿಂದ 7200 ಆರ್‌ಪಿಎಂನ ಗುಂಯ್ ಸದ್ದು ತಗಡಿಗೆ ಹತ್ತುವುದೂ ಕಡಿಮೆಯಾಯಿತು.

ಗಾಳಿಯದ್ದೇ ನಿಜವಾದ ಸಮಸ್ಯೆ. ಈ ಟವರ್‌ನಲ್ಲಿ ಪ್ರೊಸೆಸರ್‌ಗೊಂದು ಫ್ಯಾನ್, ಹಿಂದೆ ಒಂದು ಫ್ಯಾನ್. ಡಿಸ್ಕ್‌ಗಳು ಮುಂದಿನ ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ. ಪರೀಕ್ಷೆ ಓಡಿಸಿದಾಗ ಒಳಬದಿಯದು 49 ಡಿಗ್ರಿ ಮುಟ್ಟಿತು. 40ರ ಆಸುಪಾಸು ಇದ್ದರೆ ನನಗೆ ಸಮಾಧಾನ, 45 ದಾಟಬಾರದು. ಮುಂದಿನ ಜಾಲರಿಯ ಹಿಂದೆ ಒಂದು 92 ಮಿಲಿಮೀಟರ್ ಫ್ಯಾನ್‌ನ್ನು ಕೇಬಲ್ ಟೈನಿಂದ ಕಟ್ಟಿದೆ. ಬೋರ್ಡ್‌ನ ಫ್ಯಾನ್ ಸಾಕೆಟ್ ಆ ಕಂಪನಿಯದ್ದೇ ವಿಚಿತ್ರ ಆಕಾರ, ಬೇರೆ ಫ್ಯಾನ್ ಹಿಡಿಯುವುದಿಲ್ಲ. ಅದಕ್ಕೇ ಕಡಿಮೆ ವೇಗದ ಫ್ಯಾನ್ ಆರಿಸಿ, ಸಾಟಾ ಪವರ್‌ನಿಂದ ಅಡಾಪ್ಟರ್ ಮೂಲಕ ಕರೆಂಟ್ ಕೊಟ್ಟೆ. ಸದ್ದು ಕೇಳಬೇಕಾದರೆ ಕಿವಿ ಹತ್ತಿರ ತರಬೇಕು. ಅದೇ ಪರೀಕ್ಷೆಯಲ್ಲಿ ಡಿಸ್ಕ್ 39ಕ್ಕೆ ಇಳಿಯಿತು. ಇಡೀ ಮಷಿನ್‌ನಲ್ಲಿ ಅತಿ ಅಗ್ಗದ ಭಾಗ, ಅತಿ ಹೆಚ್ಚು ಉಪಯೋಗ.

ರಾಮ್, ಬೂಟ್, ನೆಟ್‌ವರ್ಕ್

ಇರುವ 8 ಜಿಬಿಯ ಜೊತೆಗೆ ಇನ್ನೊಂದು 8 ಹಾಕಿದೆ. ಸರ್ವರ್ ನಡೆಸುವ ಸಾಫ್ಟ್‌ವೇರ್ ಆದ ಟ್ರೂನ್ಯಾಸ್‌ಗೆ ಕನಿಷ್ಠ 8 ಜಿಬಿ ಬೇಕು. 1 ಟಿಬಿಗೆ 1 ಜಿಬಿ ರಾಮ್ ಅನ್ನುವ ಹಳೆಯ ಮಾತನ್ನು ಮನೆಯ ಬಳಕೆಗೆ ಅಷ್ಟು ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಡಿಡೂಪ್ (ಒಂದೇ ಡೇಟಾದ ನಕಲುಗಳನ್ನು ಒಂದಾಗಿಸುವ ಸೌಲಭ್ಯ) ಆನ್ ಮಾಡದಿದ್ದರೆ ಸಾಕು. ತನ್ನ ಸಣ್ಣ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರಾಮ್ ಇದ್ದರೆ ಒಳ್ಳೆಯದು, ಆದರೆ ಈ ಐ5ಗೆ ಅದು ಹಿಡಿಯುವುದಿಲ್ಲ. ಇಸಿಸಿ ಇಲ್ಲದಿದ್ದರೆ ಝಡ್‌ಎಫ್‌ಎಸ್ ಮುಟ್ಟಲೇಬಾರದು ಅಂತ ಹೆದರಿಸುವವರಿದ್ದಾರೆ. ಝಡ್‌ಎಫ್‌ಎಸ್ ಕಟ್ಟಿದವರಲ್ಲಿ ಒಬ್ಬರಾದ ಮ್ಯಾಟ್ ಆರೆನ್ಸ್ ಅವರೇ, ಬೇರೆ ಫೈಲ್ ಸಿಸ್ಟಂಗಳಿಗಿಂತ ಇದಕ್ಕೆ ಇಸಿಸಿ ಹೆಚ್ಚಾಗಿ ಬೇಕು ಅನ್ನುವಂಥದ್ದೇನೂ ಇಲ್ಲ ಅಂದಿದ್ದಾರೆ. ನಾನು ರಾತ್ರಿಯಿಡೀ ರಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ, ತಪ್ಪಿಲ್ಲ ಅಂತ ನೋಡಿ ಮುಂದೆ ಹೋದೆ.

ಬೂಟ್‌ಗೆ ಒಂದು ಚಿಕ್ಕ ಎನ್‌ವಿಎಂಇ. ಪೆನ್ ಡ್ರೈವ್ ಬೇಡ, ಬರೆದು ಬರೆದು ಸಾಯುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಎನ್‌ವಿಎಂಇ ಕೂರುವ ಎಂ.2 ಜಾಗ ತುಂಬಿದರೆ ಒಂದು ಸಾಟಾ ಪೋರ್ಟ್ ಬಂದ್ ಆಗುತ್ತದೆ. ಮ್ಯಾನುಯಲ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿಕೊಳ್ಳಿ.

2.5 ಗಿಗಾಬಿಟ್ ಕಾರ್ಡ್ ಹಾಕಲಿಲ್ಲ. ಗಿಗಾಬಿಟ್ ಅಂದರೆ ಲೆಕ್ಕಕ್ಕೆ ಸೆಕೆಂಡ್‌ಗೆ 125 ಎಂಬಿ, ಕೈಗೆ ಸಿಗುವುದು 110ರಿಂದ 115. ಡಿಸ್ಕ್‌ಗಳು ಅದಕ್ಕಿಂತ ವೇಗ, ನಿಜ. ಆದರೆ ಮನೆಯಲ್ಲಿ ಎಲ್ಲರೂ ಇರುವುದು ವೈಫೈನಲ್ಲಿ. ಒಂದು ಸೂಚನೆ: ಕಾಪಿ ವೇಗ 11 ಎಂಬಿಯ ಹತ್ತಿರ ಅಂಟಿಕೊಂಡಿದ್ದರೆ ಸಾಫ್ಟ್‌ವೇರ್ ಕೆದಕಬೇಡಿ. ಕೇಬಲ್‌ನ ಎಂಟು ತಂತಿಯಲ್ಲಿ ಯಾವುದೋ ಒಂದು ತುಂಡಾಗಿ ಲಿಂಕ್ 100 ಮೆಗಾಬಿಟ್‌ಗೆ ಇಳಿದಿರುತ್ತದೆ.

ಡೇಟಾ ಹಾಕುವ ಮೊದಲು

ಹೊಸ ಡಿಸ್ಕ್ ಅಂತ ನಂಬಿ ಫೋಟೊ ಸುರಿಯುವುದು ಬೇಡ. ಮೊದಲು ಸ್ಮಾರ್ಟ್‌ನ ಲಾಂಗ್ ಟೆಸ್ಟ್, ಆಮೇಲೆ ಬ್ಯಾಡ್‌ಬ್ಲಾಕ್ಸ್ ಬರೆದು ಓದುವ ಪರೀಕ್ಷೆ. ಅದು ಇಡೀ ಡಿಸ್ಕ್‌ಗೆ ನಾಲ್ಕು ಬಗೆಯ ಮಾದರಿ ಬರೆದು, ಪ್ರತಿ ಸಲ ಓದಿ ತಾಳೆ ನೋಡುತ್ತದೆ. 8 ಟಿಬಿಯನ್ನು ಸರಾಸರಿ 180 ಎಂಬಿ ವೇಗದಲ್ಲಿ ಒಮ್ಮೆ ಬರೆಯಲು 12 ಗಂಟೆ, ಓದಲು 12 ಗಂಟೆ. ನಾಲ್ಕಕ್ಕೆ ನಾಲ್ಕು ದಿನ ದಾಟುತ್ತದೆ. ಬ್ಲಾಕ್ ಸೈಜ್ 4096 ಅಂತ ಹೇಳಿಯೇ ಓಡಿಸಿ. ಇಲ್ಲದಿದ್ದರೆ ಇಷ್ಟು ದೊಡ್ಡ ಡಿಸ್ಕ್‌ನ ಬ್ಲಾಕ್ ಸಂಖ್ಯೆ 32 ಬಿಟ್‌ಗೆ ಹಿಡಿಯದೆ ಅದು ಶುರುವೇ ಆಗುವುದಿಲ್ಲ. ಡಿಸ್ಕ್‌ನಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ ಅನ್ನುವುದೂ ನೆನಪಿರಲಿ.

ಎರಡನೇ ದಿನ ಸ್ಮಾರ್ಟ್ ಪಟ್ಟಿ ನೋಡಿದರೆ ಒಂದು ಡಿಸ್ಕ್‌ನಲ್ಲಿ 199ನೇ ಸಾಲು ಸೊನ್ನೆ ಬಿಟ್ಟು ಮೇಲೆ ಹೋಗಿತ್ತು. ಈ ಪಟ್ಟಿಯಲ್ಲಿ ನಿಜವಾಗಿ ಎದೆ ಧಸಕ್ ಅನ್ನಬೇಕಾದ ಸಾಲುಗಳು 5, 197, 198. ಅವು ಕೆಟ್ಟ ಸೆಕ್ಟರ್‌ಗಳ ಲೆಕ್ಕ. ಅವೆಲ್ಲ ಸೊನ್ನೆಯಲ್ಲೇ ಇದ್ದವು. 199 ಅಂದರೆ ಸಿಆರ್‌ಸಿ ದೋಷ, ಡಿಸ್ಕ್‌ನಿಂದ ಬೋರ್ಡ್‌ಗೆ ಬರುವ ದಾರಿಯಲ್ಲಿ ಡೇಟಾ ಕೆಡುತ್ತಿದೆ ಅಂತ. ಸಾಟಾ ಕೇಬಲ್ ಬೆರಳಲ್ಲಿ ಅಲುಗಿಸಿದೆ. ಡಿಸ್ಕ್ ಕಡೆಯ ತುದಿ ಸಡಿಲ, ಬಿಗಿ ಹಿಡಿಯುವ ಲೋಹದ ಕ್ಲಿಪ್ಪೇ ಇಲ್ಲದ ಹಳೆಯ ಕೇಬಲ್. ಕ್ಲಿಪ್ ಇರುವುದನ್ನು ಹಾಕಿದೆ. ಆ ಅಂಕಿ ಸೊನ್ನೆಗೆ ವಾಪಸ್ ಬರುವುದಿಲ್ಲ, ಅದು ಒಟ್ಟು ಲೆಕ್ಕ. ಏರುವುದು ನಿಂತಿತಾ ಅನ್ನುವುದೇ ಮುಖ್ಯ. ನಿಂತಿತು. ಇಂಥದ್ದನ್ನು ನೋಡಿ ಎಷ್ಟು ಜನ ಒಳ್ಳೆಯ ಡಿಸ್ಕ್‌ನ್ನೇ ವಾಪಸ್ ಕೊಟ್ಟಿದ್ದಾರೋ!

ಯುಪಿಎಸ್ ಆರಿಸುವಾಗ ನೋಡಿದ್ದು ಒಂದೇ: ಯುಎಸ್‌ಬಿ ಪೋರ್ಟ್ ಇದೆಯಾ. 25–30 ವಾಟ್‌ಗೆ ಚಿಕ್ಕದೇ ಸಾಕು. ಆದರೆ ಬ್ಯಾಟರಿ ಮುಗಿಯುತ್ತಿದೆ ಅಂತ ಅದು ಸರ್ವರ್‌ಗೆ ಹೇಳಬೇಕು, ಸರ್ವರ್ ತಾನಾಗಿ ಮಲಗಬೇಕು. ಗೋಡೆಯ ಪ್ಲಗ್ ಕಿತ್ತು ನೋಡಿದೆ, ಸರಿಯಾಗಿ ಮಲಗಿತು. ಕರೆಂಟ್ ಬಂದಾಗ ತಾನೇ ಎದ್ದು ಕೂರಲು ಬಯಾಸ್‌ನಲ್ಲಿ ಒಂದು ಆಯ್ಕೆ ಇರುತ್ತದೆ, ಅದನ್ನೂ ಆನ್ ಮಾಡಿದೆ.

ಮಿರರ್ ಇದೆ ಅಂತ ಬ್ಯಾಕಪ್ ಬಿಡುವ ಹಾಗಿಲ್ಲ. ತಪ್ಪಿ ಅಳಿಸಿದ ಫೋಲ್ಡರ್ ಎರಡೂ ಡಿಸ್ಕ್‌ನಿಂದ ಒಂದೇ ಕ್ಷಣದಲ್ಲಿ ಅಳಿಯುತ್ತದೆ. ಅದಕ್ಕೆ ದಿನಕ್ಕೊಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಫೈಲ್‌ಗಳ ಸ್ಥಿತಿಯನ್ನು ಹಾಗೇ ಹಿಡಿದಿಡುವುದು), ಜೊತೆಗೆ ಫೋಟೊಗಳಷ್ಟನ್ನು ಹಳೆಯ ಯುಎಸ್‌ಬಿ ಡಿಸ್ಕ್‌ಗೆ ನಕಲು ಮಾಡಿ ಬೇರೆ ಮನೆಯಲ್ಲಿ ಇಡುವುದು. ಡೇಟಾ ಎಲ್ಲ ಓದಿ ಕೆಟ್ಟಿದೆಯಾ ಅಂತ ತಾಳೆ ನೋಡುವ ಸ್ಕ್ರಬ್ ತಿಂಗಳಿಗೊಮ್ಮೆ ತಾನಾಗಿ ಓಡುತ್ತದೆ.

ಮುಚ್ಚಳ ಹಾಕುವ ಮೊದಲು ಒಂದು ಕೆಲಸ ಉಳಿದಿತ್ತು. ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್‌ನ ಕೊನೆಯ ನಾಲ್ಕು ಅಕ್ಷರ ಕಾಗದದ ಟೇಪ್ ಮೇಲೆ ಬರೆದು ಟ್ರೇಯ ಮುಂದೆ ಅಂಟಿಸಿದೆ. ಡಿಸ್ಕ್ ಕೆಟ್ಟಾಗ ಸಿಸ್ಟಂ ಹೇಳುವುದು ಸೀರಿಯಲ್ ನಂಬರ್. ಎಡದ್ದು, ಬಲದ್ದು ಅಂತ ಅದಕ್ಕೆ ಗೊತ್ತಿಲ್ಲ. ಚೀಟಿ ಇಲ್ಲದಿದ್ದರೆ ಬದುಕಿರುವ ಡಿಸ್ಕ್‌ನ್ನೇ ಕೀಳುವ ಸಾಧ್ಯತೆ ಅರ್ಧಕ್ಕರ್ಧ.